ನಿನ್ನೆಗಿಂತ ಒಂದು ಬೆರಳು ಮೇಲೆ

ಹ್ಞೂಂ ಅನ್ನೋರು ಹ್ಞೂಂ ಅನ್ನಿ, ತೂಕಡಿಸೋರು ಕಂಬಕ್ಕೆ ಒರಗಿಕೊಳ್ಳಿ. ಕತೆ ಶುರುವಾಯ್ತು.

ಮಾದಲಗೆರೆ ಅಂತ ಒಂದೂರು. ಆ ಊರಲ್ಲಿ ಗಿರಿಯಮ್ಮ ಅಂತ ಒಬ್ಬಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಬೀದಿ ಕೊನೇಲಿ ಅವಳದೊಂದು ಪುರಿ ಭಟ್ಟಿ. ದೊಡ್ಡ ಬಾಣಲೇಲಿ ಮರಳು ಕಾಯಿಸೋದು, ಅಕ್ಕಿ ಸುರಿಯೋದು, ಉದ್ದ ಹಿಡಿಯ ಸಟ್ಟುಗ ಹಾಕಿ ಬಲಗೈಲಿ ತಿರುವೋದು, ಪಟಪಟ ಅಂತ ಪುರಿ ಅರಳಿದ ಕೂಡಲೇ ಜರಡಿಗೆ ಎತ್ತೋದು. ಬೆಳಗಿಂದ ಸಂಜೆ ತನಕ ಅದೇ ಕೆಲಸ. ಆ ಬಲಗೈ ಆಡಿದ್ರೆ ಮನೇಲಿ ಒಲೆ ಉರೀತಿತ್ತು.

ಅವಳಿಗೆ ಒಬ್ಬನೇ ಮಗ. ಹೆಸರು ಜುಂಜ. ಮೂವತ್ತು ದಾಟಿದೋನು, ನಿಂತರೆ ಬಾಗಿಲು ತುಂಬೋ ಆಳು. ಆದ್ರೆ ಹೇಳಿದ ಮಾತನ್ನ ಹೇಳಿದ ಹಾಗೇ ಮಾಡೋನು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿ ಇಲ್ಲ. "ಬಾಗಿಲು ನೋಡ್ಕೊಂಡಿರೋ" ಅಂದ್ರೆ ಬಾಗಿಲನ್ನೇ ನೋಡ್ಕೊಂಡು ಕೂರೋನು. ನಾಯಿ ಒಳಗೆ ನುಗ್ಗಿ ಮುದ್ದೆ ತಿಂದು ಬಾಯಿ ಒರೆಸ್ಕೊಂಡು ಹೋದ್ರೂ ಇವನ ಕಣ್ಣು ಬಾಗಿಲ ಮೇಲೆ!

"ಅಯ್ಯೋ ನನ್ನ ಕರ್ಮವೇ! ನಾನು ಸತ್ತ ಮೇಲೆ ನಿನ್ನ ಗತಿ ಏನೋ?" ಅನ್ನೋಳು ಗಿರಿಯಮ್ಮ.

"ಯಾವತ್ತು ಸಾಯ್ತೀಯ ಹೇಳವ್ವ. ಅವತ್ತು ಯಾರನ್ನಾದ್ರೂ ಕೇಳ್ಕೊತೀನಿ."

ಹಿಂಗಿರುವಾಗ ಒಂದಿನ ಗಿರಿಯಮ್ಮ ಅಟ್ಟದ ಮೇಲಿದ್ದ ಹೊಸ ಜರಡಿ ತೆಗೆಯೋಕೆ ಏಣಿ ಹತ್ತಿದಳು. "ಜುಂಜ, ಏಣಿ ಗಟ್ಟಿಯಾಗಿ ಹಿಡ್ಕೊಳೋ. ಏನೇ ಆದ್ರೂ ಬಿಡಬೇಡ!" ಅಂದಳು. "ಹ್ಞೂಂ ಅವ್ವ" ಅಂತ ಹಿಡ್ಕೊಂಡ. ಇವಳು ಅಟ್ಟ ಸೇರಿದಳು, ಜರಡಿ ಎತ್ತಿಕೊಂಡಳು, ಬಾಗಿಲ ಕಡೆ ನೋಡಿದರೆ ಅಂಗಳದಲ್ಲಿ ಒಣಗಿ ಹಾಕಿದ್ದ ಅಕ್ಕಿಗೆ ಹಸು ಬಾಯಿ ಹಾಕ್ತಿದೆ.

"ಲೋ ಜುಂಜ! ಓಡೋ! ಹಸು ಓಡಿಸೋ!" ಅಂತ ಕೂಗಿಕೊಂಡೇ ಕೆಳಗಿಳಿಯೋಕೆ ಕಾಲು ಚಾಚಿದಳು.

ಜುಂಜ ಓಡಿದ. ಏಣಿ ಸಮೇತ ಓಡಿದ!

ಗಿರಿಯಮ್ಮ ದೊಪ್ಪಂತ ಬಿದ್ದಳು. ಬಲಗಡೆ ಭುಜ ಹೋಗಿ ಹೊಸ್ತಿಲಿಗೆ ಬಡೀತು. "ಅಯ್ಯಯ್ಯೋ! ಸತ್ತೆನೋ!" ಅಂದಳು. ಜುಂಜ ಹಸು ಓಡಿಸಿ ವಾಪಸ್ ಬಂದ. ಕೈಲಿ ಏಣಿ ಹಂಗೇ ಇತ್ತು.

"ಬಿಡಬೇಡ ಅಂದೆ, ಬಿಟ್ಟಿಲ್ಲ ನೋಡವ್ವ. ಓಡು ಅಂದೆ, ಓಡಿದೆ. ಹಸು ಹೋಯ್ತು. ನೀನ್ಯಾಕವ್ವ ಕೆಳಗೆ ಮಲಗಿದ್ದೀಯ?"

ಅವತ್ತಿಂದ ಗಿರಿಯಮ್ಮನ ಕೈ ಮೇಲೇಳಲಿಲ್ಲ. ಜಡೆ ಹಾಕಿಕೊಳ್ಳೋಕೂ ಆಗದು, ಸಟ್ಟುಗ ಎತ್ತೋಕೂ ಆಗದು. ಭಟ್ಟಿ ತಣ್ಣಗಾಯ್ತು.

ಎದುರು ಮನೆ ತಿಮ್ಮಜ್ಜಿ ನೋಡೋಕೆ ಬಂದಳು. ಒಂದು ಬಟ್ಟಲು ಬಿಸಿ ಹರಳೆಣ್ಣೆ ಜುಂಜನ ಕೈಗಿಟ್ಟಳು. "ನೋವಾದ ಜಾಗಕ್ಕೆ ಚೆನ್ನಾಗಿ ಸುರಿದು ತಿಕ್ಕೋ ಮಗ" ಅಂದಳು.

ನೋವಾದ ಜಾಗ! ಜುಂಜ ಯೋಚನೆ ಮಾಡಿದ. ಅವ್ವನಿಗೆ ನೋವಾದ ಜಾಗ ಯಾವುದು? ಬಿದ್ದಿದ್ದು ಹೊಸ್ತಿಲ ಹತ್ರ ತಾನೆ? ಹೋಗಿ ಹೊಸ್ತಿಲಿಗೆ ಎಣ್ಣೆ ಸುರಿದ, ಕೂತು ತಿಕ್ಕಿದ, ಮಿರಮಿರ ಮಿಂಚೋ ಹಂಗೆ ತಿಕ್ಕಿದ. ಇನ್ನೂ ಎಣ್ಣೆ ತಂದುಕೊಡೋಣ ಅಂತ ತಿಮ್ಮಜ್ಜಿ ಹೊರಟು ಹೊಸ್ತಿಲ ಮೇಲೆ ಕಾಲಿಟ್ಟಳು. ಸರ್‍ರಂತ ಜಾರಿ ಅಂಗಳದಲ್ಲಿ ಕೂತಳು!

"ಲೋ ಕೋಣ! ಹೊಸ್ತಿಲಿಗೆ ನೋವಾಗಿತ್ತೇನೋ?" ಗಿರಿಯಮ್ಮ ಕಿರುಚಿದಳು. "ಯಾರಿಗೆ ಭುಜ ನೋಯ್ತದೋ ಅವರಿಗೆ ಹಚ್ಚಬೇಕು ಕಣೋ! ಅವರಿಗೆ!"

"ಹ್ಞೂಂ ಅವ್ವ. ಯಾರಿಗೆ ಭುಜ ನೋಯ್ತದೋ ಅವರಿಗೆ."

ಮಾರನೇ ದಿನ ಮನೇಲಿದ್ದ ಎಣ್ಣೆಯೆಲ್ಲ ಒಂದು ಕುಡಿಕೆಗೆ ತುಂಬಿ ಕೊಟ್ಟಳು. ಪಕ್ಕದೂರಲ್ಲಿ ಮೂಳೆ ಮುರಿದವರಿಗೆ ಕಟ್ಟು ಹಾಕೋ ದಾಸಯ್ಯ ಅಂತ ಇದ್ದ. ಅವನಿಗೆ ಎಣ್ಣೆ ಕೊಟ್ಟು, ಸೊಪ್ಪು ಹಾಕಿ ಕಾಯಿಸಿಕೊಂಡು ಬಾ ಅಂದಳು. ಜುಂಜ ಹೊರಟ. ದಾರೀಲಿ ಒಬ್ಬ ಮೂಟೆ ಇಳಿಸಿ ಕೂತಿದ್ದ. "ಉಸ್ಸಪ್ಪಾ, ಭುಜ ಬಿದ್ದುಹೋಯ್ತು" ಅಂದ.

"ನೋಯ್ತದಾ ಅಣ್ಣ?"

"ನೋಯ್ದೆ ಇರ್ತದಾ? ಎರಡೂ ನೋಯ್ತವೆ."

ಸರಿ! ಜುಂಜ ಅವನನ್ನ ಹಿಡಿದು ಕೂರಿಸಿ, ಕುಡಿಕೆಯ ಎಣ್ಣೆ ಅರ್ಧ ಈ ಭುಜಕ್ಕೆ, ಅರ್ಧ ಆ ಭುಜಕ್ಕೆ ತಿಕ್ಕಿ, ಖಾಲಿ ಕುಡಿಕೆ ಹಿಡಿದು ಮನೆಗೆ ಬಂದ.

"ಅಯ್ಯೋ ದೇವರೇ! ದಾರೀಲಿ ಯಾರನ್ನೂ ಮುಟ್ಟಬೇಡ, ಯಾರ ಹತ್ರನೂ ತುಟಿ ಬಿಚ್ಚಬೇಡ! ನೆಟ್ಟಗೆ ದಾಸಯ್ಯನ ಮನೆಗೆ ಹೋಗಿ ನಿಲ್ಲು! ಎಣ್ಣೆ ಹೋದ್ರೆ ಹೋಗಲಿ, ಅವನನ್ನೇ ಕರ್ಕೊಂಡು ಬಾ!"

"ಹ್ಞೂಂ ಅವ್ವ. ಮುಟ್ಟಲ್ಲ, ತುಟಿ ಬಿಚ್ಚಲ್ಲ."

ಹೋದ. ನೆಟ್ಟಗೆ ಹೋಗಿ ನಿಂತ. ದಾಸಯ್ಯ ಕೇಳಿದ, "ಏನಪ್ಪ?" ಜುಂಜ ಮಾತಾಡಲಿಲ್ಲ. "ಎಲ್ಲಿ ನೋವು?" ಮಾತಿಲ್ಲ. "ಕೈಯಾ? ಕಾಲಾ?" ತುಟಿ ಬಿಚ್ಚಬೇಡ ಅಂದಿದ್ದಳಲ್ಲ, ತನ್ನ ಬಲಭುಜ ತೋರಿಸಿ ಮನೆ ಕಡೆ ಬೆರಳು ಮಾಡಿದ. ಪಾಪ, ಮೂಗ ಇರಬೇಕು ಅಂತ ದಾಸಯ್ಯನ ಕರುಳು ಚುರ್ ಅಂತು. ಕೂರಿಸಿದ. ಸೊಪ್ಪು ಅರೆದು ಮೆತ್ತಿದ, ಬಿದಿರ ದಬ್ಬೆ ಇಟ್ಟ, ಬಟ್ಟೆ ಸುತ್ತಿ ಸುತ್ತಿ ಕೈಯನ್ನ ಎದೆಗೆ ಬಿಗಿದ. "ಹದಿನೈದು ದಿನ ಬಿಚ್ಚಬೇಡ" ಅಂತ ಹೇಳಿ ಕಳಿಸಿದ.

ಗಿರಿಯಮ್ಮ ಬಾಗಿಲಲ್ಲಿ ಕಾಯ್ತಿದ್ದಳು. ನೋಡ್ತಾಳೆ, ನೋವಿರೋಳು ಅವಳು, ಕಟ್ಟು ಹಾಕಿಸ್ಕೊಂಡು ಬಂದಿರೋನು ಮಗ!

"ಬಿಚ್ಚೋ ಅದನ್ನ!"

"ಹದಿನೈದು ದಿನ ಬಿಚ್ಚಬೇಡ ಅಂದವ್ನೆ ಅವ್ವ."

ಬೈದಳು, ಅತ್ತಳು, ಏನು ಮಾಡಿದ್ರೂ ಬಿಚ್ಚಲಿಲ್ಲ. ಮನೇಲಿ ನಾಲ್ಕು ಕೈ. ಅದರಲ್ಲಿ ಆಡೋವು ಎರಡು. ಎರಡೂ ಎಡಗೈ! ಅವಳು ಪಾತ್ರೆ ಹಿಡ್ಕೊಂಡ್ರೆ ಇವನು ಕೋಲಲ್ಲಿ ಮುದ್ದೆ ತಿರುವೋನು. ಅವಳು ಬಟ್ಟೆಯ ಒಂದು ತುದಿ ಹಿಡಿದ್ರೆ ಇನ್ನೊಂದು ತುದಿ ಇವನು ಹಿಂಡೋನು. ಒಂದಿನ ಹಿಂಗೆ ಹಿಂಡ್ತಾ ಹಿಂಡ್ತಾ ಗಿರಿಯಮ್ಮನಿಗೆ ನಗು ಬಂತು. ನಕ್ಕರೆ ಭುಜ ನೋಯ್ತಿತ್ತು. ಆದ್ರೂ ನಕ್ಕಳು.

ಊರೋರು ಸುಮ್ಮನಿರ್ತಾರಾ? ಜಗಲಿ ಮೇಲೆ ಬಂದು ಕೂತು ಒಬ್ಬೊಬ್ಬರು ಒಂದೊಂದು ಹೇಳೋರು. ಒಬ್ಬ ಅಂದ, "ಕಬ್ಬಿಣ ಕಾಯಿಸಿ ಬರೆ ಹಾಕಿಸು, ಒಂದೇ ದಿನಕ್ಕೆ ಹೋಗ್ತದೆ." ಇನ್ನೊಬ್ಬಳು ಅಂದಳು, "ಯಾರದೋ ಕಣ್ಣು ತಗುಲಿದೆ, ತಾಯತ ಕಟ್ಟಿಸು." ಮತ್ತೊಬ್ಬ ಅಂದ, "ಆಸ್ಪತ್ರೆಗೆ ಹೋದೀಯ ಜೋಕೆ, ಭುಜ ಕುಯ್ದು ಒಳಗೆ ಮೊಳೆ ಹೊಡೀತಾರೆ." ಬಂದವರೆಲ್ಲ ಎಲೆ ಅಡಿಕೆ ಹಾಕ್ಕೊಂಡು ಎದ್ದು ಹೋಗೋರು. ಗಿರಿಯಮ್ಮ ಕೂತಲ್ಲೇ ಕೂತಿರೋಳು.

ಬರೆ ಹಾಕಿಸಿದ್ರೆ ಗಾಯ ಕೀವು ಕಟ್ಟಿದ್ರೆ? ತಾಯತ ಕಟ್ಟಿಸಿದ್ರೆ ಕಾಯೋದು ಎಷ್ಟು ದಿನ? ಕುಯ್ದಮೇಲೆ ಕೈ ಬರದೇ ಹೋದ್ರೆ? ಕೈ ಬರದಿದ್ರೆ ಭಟ್ಟಿ ಇಲ್ಲ. ಭಟ್ಟಿ ಇಲ್ಲದಿದ್ರೆ ಈ ಮಗನ ಹೊಟ್ಟೆಗೇನು? ಅವಳಿಗೆ ತನ್ನ ನೋವಿಗಿಂತ ಈ ಯೋಚನೆಯೇ ಹೆಚ್ಚು ಕೊರೀತಿತ್ತು. ಮನೇಲಿ ಕೇಳೋಕೆ ಬೇರೆ ಯಾರಿದ್ದಾರೆ? ಮಗನನ್ನೇ ಕೇಳಿದಳು.

"ಇಷ್ಟು ಜನ ಇಷ್ಟು ಹೇಳಿದ್ರಲ್ಲೋ ಜುಂಜ. ಯಾರ ಮಾತು ಕೇಳ್ಲೋ?"

ಜುಂಜ ತಲೆ ಕೆರ್ಕೊಂಡ. "ಅವರ್ಯಾರೂ ನಿನ್ನ ಭುಜ ನೋಡೇ ಇಲ್ವಲ್ಲವ್ವ. ದಾಸಯ್ಯ ನೋಡಿದ, ಮುಟ್ಟಿ ಮುಟ್ಟಿ ನೋಡಿದ. ಆದ್ರೆ ಅದು ನಂದು."

ಗಿರಿಯಮ್ಮ ಮಗನ ಮುಖವನ್ನೇ ನೋಡಿದಳು. ಹೌದಲ್ಲ! ಬಂದವರು ಯಾರು ಇವಳ ಸೆರಗು ಸರಿಸಿ ಎಲ್ಲಿ ನೋವು, ಎಲ್ಲಿ ತನಕ ಏಳ್ತದೆ ಅಂತ ಕೇಳಿದ್ರು? ಮೊದಲು ನೋಡೋರ ಹತ್ರ ಹೋಗಬೇಕು ಅಂತ ಗಟ್ಟಿ ಮಾಡಿಕೊಂಡಳು.

ಹದಿನೈದು ದಿನ ಆಯ್ತು. ಮಗನ ಕಟ್ಟು ಬಿಚ್ಚಿಸೋಕೆ ಅಂತ ಹೊರಟು ತಾನೇ ದಾಸಯ್ಯನ ಮುಂದೆ ಕೂತಳು. ನಡೆದದ್ದೆಲ್ಲ ಕೇಳಿ ದಾಸಯ್ಯ ಬಿದ್ದು ಬಿದ್ದು ನಕ್ಕ. ಆಮೇಲೆ ನಗು ನಿಲ್ಲಿಸಿ ಭುಜ ಒತ್ತಿ ನೋಡಿದ, ಮೆಲ್ಲಗೆ ಎತ್ತಿ ನೋಡಿದ. ಎದೆ ಮಟ್ಟಕ್ಕೆ ಬಂದು ಕೈ ನಿಂತುಬಿಡ್ತು.

"ನೋಡು ತಾಯಿ, ನಾನು ಕಟ್ಟೋದು ಮುರಿದ ಮೂಳೆಗೆ. ಇದು ಮುರಿದಂಗಿಲ್ಲ, ಕೀಲು ಬಿಗ್ಕೊಂಡದೆ. ನಾನು ಕಟ್ಟಿದ್ರೆ ಇನ್ನೂ ಬಿಗೀತದೆ. ಸುಳ್ಳು ಹೇಳಲ್ಲ, ಇದು ನನ್ನ ಕೈಲಾಗೋದಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋಗು, ಮೂಳೆ ಫೋಟೋ ತೆಗೀತಾರೆ."

ನನ್ನ ಕೈಲಾಗಲ್ಲ ಅಂತ ಒಪ್ಪಿಕೊಂಡ ಮನುಷ್ಯನ ಮೇಲೆ ಗಿರಿಯಮ್ಮನಿಗೆ ನಂಬಿಕೆ ಹುಟ್ಟಿತು. ಬಸ್ ಹತ್ತಿದಳು. ಆಸ್ಪತ್ರೇಲಿ ಒಬ್ಬರು ಡಾಕ್ಟ್ರಮ್ಮ ಎಕ್ಸ್‌ರೇ ತೆಗೆಸಿ ದೀಪಕ್ಕೆ ಹಿಡಿದು ನೋಡಿದರು.

"ಮೂಳೆ ಚೆನ್ನಾಗಿದೆ ಅಮ್ಮ. ಕುಯ್ಯೋದೇನೂ ಬೇಡ. ಬಿಸಿ ಎಣ್ಣೆ ಹಚ್ಕೊಂಡ್ರೆ ಹಾಯ್ ಅನ್ಸುತ್ತೆ, ಹಚ್ಕೊಳ್ಳಿ. ಬರೆ ಮಾತ್ರ ಬೇಡವೇ ಬೇಡ. ಔಷಧಿ ಅಂದ್ರೆ ಇದಕ್ಕೆ ಒಂದೇ." ಎದ್ದು ಗೋಡೆ ಹತ್ರ ಹೋಗಿ, ಬೆರಳುಗಳನ್ನ ಇರುವೆ ಹತ್ತಿದಂಗೆ ಗೋಡೆ ಮೇಲೆ ಹತ್ತಿಸಿ ತೋರಿಸಿದರು. "ಹೀಗೆ. ದಿನಾ ಮಾಡಬೇಕು. ಒಂದು ದಿನವೂ ಬಿಡಬಾರದು. ನಿನ್ನೆಗಿಂತ ಒಂದು ಬೆರಳು ಮೇಲೆ. ನೋಯುತ್ತೆ. ಎಲ್ಲರೂ ನಾಲ್ಕು ದಿನ ಮಾಡಿ ಬಿಟ್ಟುಬಿಡ್ತಾರೆ. ಕೈ ಹಾಗೇ ಉಳಿದುಬಿಡುತ್ತೆ." ಆಮೇಲೆ ಜುಂಜನ ಕಡೆ ತಿರುಗಿ, "ಏನಪ್ಪ, ನೀನು ಮಾಡಿಸ್ತೀಯಾ?"

"ದಿನಾ. ನಿನ್ನೆಗಿಂತ ಒಂದು ಬೆರಳು ಮೇಲೆ" ಅಂದ ಜುಂಜ.

ಮನೆಗೆ ಬಂದವನೇ ಒಲೆಯಿಂದ ಇದ್ದಿಲು ತೆಗೆದ. ಅವ್ವ ಗೋಡೆ ಮೇಲೆ ಎಲ್ಲಿ ತನಕ ಬೆರಳು ಹತ್ತಿಸಿದಳೋ ಅಲ್ಲಿಗೊಂದು ಗೀಟು ಎಳೆದ. ಮಾರನೇ ದಿನ ತನ್ನ ಬೆರಳು ನೆಟ್ಟಗಿಟ್ಟು ಅಳೆದು ಮೇಲೊಂದು ಗೀಟು ಎಳೆದ. ಗಿರಿಯಮ್ಮ ಕೈ ಎತ್ತಿದಳು, ಕಣ್ಣಲ್ಲಿ ನೀರು ಬಂತು.

"ಸಾಯಿಸ್ತೀಯೇನೋ! ಬೆರಳುದ್ದ ಅಲ್ವೋ, ಬೆರಳಗಲ! ಬೆರಳಗಲ!"

"ಹ್ಞೂಂ ಅವ್ವ. ಬೆರಳಗಲ."

ಅಲ್ಲಿಂದ ತಪ್ಪಲಿಲ್ಲ. ಕೋಳಿ ಕೂಗೋದು, ಜುಂಜ ಇದ್ದಿಲು ಹಿಡಿದು ಬರೋದು. "ಇವತ್ತು ಬೇಡ ಕಣೋ, ಮೈ ಬಿಸಿ" ಅಂದ್ರೆ "ದಿನಾ ಅಂದವ್ರೆ." "ಇವತ್ತು ಮದುವೆ ಮನೆಗೆ ಹೋಗಬೇಕು ಕಣೋ" ಅಂದ್ರೆ "ಒಂದು ಬೆರಳು, ಆಮೇಲೆ ಮದುವೆ." ಅವಳು ನೋವು ತಾಳಲಾರದೆ ಅಳೋಳು. ಪಕ್ಕದಲ್ಲಿ ನಿಂತು ಇವನೂ ಅಳೋನು. ಮೂಗು ಸುರಿಸ್ಕೊಂಡೇ ಅನ್ನೋನು, "ಒಂದೇ ಬೆರಳವ್ವ. ಇಕಾ, ಇಷ್ಟೇ." ಅವಳು ಮಾಡೋ ತನಕ ತಾನು ಉಣ್ಣನು.

ಒಬ್ಬ ಬುದ್ಧಿವಂತ ಮಗ ಇದ್ದಿದ್ರೆ 'ಪಾಪ, ಇವತ್ತೊಂದಿನ ಇರ್ಲಿ ಬಿಡವ್ವ' ಅಂತಿದ್ದ ಅಂತ ಗಿರಿಯಮ್ಮನಿಗೆ ಆಗಾಗ ಅನ್ನಿಸೋದು. ತಿಮ್ಮಜ್ಜಿ ಸೊಸೆಗೂ ಇದೇ ಭುಜದ ಕಾಯಿಲೆ ಬಂದಿತ್ತು. ನಾಲ್ಕು ದಿನ ಮಾಡಿದಳು, ಐದನೇ ದಿನ ನೆಂಟರು ಬಂದ್ರು, ಬಿಟ್ಟಳು. ಅವಳ ಕೈ ಇವತ್ತಿಗೂ ತಲೆ ಮುಟ್ಟಲ್ಲ. ಗಿರಿಯಮ್ಮನ ಕೈ ಎದೆ ದಾಟಿತು, ಗಲ್ಲ ದಾಟಿತು, ಒಂದು ಬೆಳಿಗ್ಗೆ ಹಣೆ ದಾಟಿತು. ಅವತ್ತು ತಾನೇ ಜಡೆ ಹಾಕ್ಕೊಂಡಳು. ಅರವತ್ತು ದಿನಕ್ಕೆ ಕೈ ನೆತ್ತಿ ದಾಟಿ ನೆಟ್ಟಗೆ ನಿಂತಿತು. ಭಟ್ಟಿಗೆ ಬೆಂಕಿ ಹಾಕಿದಳು. ಪಟಪಟ ಅಂತ ಪುರಿ ಅರಳಿತು.

ಇಲ್ಲಿಗೆ ಕತೆ ಮುಗೀತು ಅಂದ್ಕೊಂಡ್ರಾ? ಅರವತ್ತೊಂದನೇ ದಿನ ಕೋಳಿ ಕೂಗಿತು. ಜುಂಜ ಇದ್ದಿಲು ಹಿಡಿದು ಬಂದ.

"ಮುಗೀತಲ್ಲೋ ಮಗನೇ! ಕೈ ನೆಟ್ಟಗಾಯ್ತು, ಸಾಕು!"

"ಸಾಕು ಅಂತ ಡಾಕ್ಟ್ರಮ್ಮ ಅಂದಿಲ್ವಲ್ಲವ್ವ."

ಏನು ಹೇಳಿದ್ರೂ ಕೇಳ. ಉಪವಾಸ ಕೂತ. ಹೋಗ್ಲಿ ಅಂತ ಅವಳು ತುದಿಗಾಲಲ್ಲಿ ನಿಂತು ಒಂದು ಬೆರಳು ಮೇಲೆ ಮುಟ್ಟಿದಳು. ಮಾರನೇ ದಿನ ಮಣೆ ಮೇಲೆ ನಿಂತಳು. ಆಮೇಲೆ ಮಣೆ ಮೇಲೆ ಮಣೆ. ಆಮೇಲೆ ಒರಳುಕಲ್ಲು. ಗೀಟು ಮಾತ್ರ ಏರ್ತಾನೇ ಹೋಯ್ತು.

ಒಂದಿನ ಬೆಳಿಗ್ಗೆ ದಡ್ ದಡ್ ಅಂತ ಸದ್ದಾಯ್ತು. ಗಿರಿಯಮ್ಮ ಗಾಬರಿಯಿಂದ ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿದಳು. ಜುಂಜ ಮಾಡಿನ ಮೇಲೆ ಕೂತವ್ನೆ. ಹೆಂಚು ತೆಗೆದು ಪಕ್ಕಕ್ಕೆ ಪೇರಿಸವ್ನೆ. ಗೋಡೆ ನೆತ್ತಿಗೆ ಮಣ್ಣು ಮೆತ್ತಿ ಇಟ್ಟಿಗೆ ಇಡ್ತಾವ್ನೆ!

"ಏನೋ ಮಾಡ್ತಿದ್ದೀಯ!"

"ಗೋಡೆ ನಿನ್ನೆಗೆ ಮುಗೀತವ್ವ. ಇವತ್ತಿನ ಬೆರಳು ಎಲ್ಲಿಗೆ ಇಡ್ತೀಯ? ಅದಕ್ಕೇ ಎತ್ತರಿಸ್ತಿದ್ದೀನಿ."

"ಇಳಿಯೋ ಕೆಳಗೆ! ಇಳಿಯೋ!"

ಧೊಪ್ಪಂತ ಹಾರಿ ಎದುರಿಗೆ ಬಂದು ನಿಂತ. ಮೈಯೆಲ್ಲ ಮಣ್ಣು. ಗಿರಿಯಮ್ಮನಿಗೆ ಎಲ್ಲಿತ್ತೋ ಸಿಟ್ಟು, ಬಾರಿಸೇಬಿಡ್ತೀನಿ ಅಂತ ಕೈ ಎತ್ತಿದಳು. ಬಲಗೈ! ಸರ್ರನೆ ಮೇಲಕ್ಕೆ ಹೋಯ್ತು. ಒಂದಿಷ್ಟು ನೋವಿಲ್ಲ, ಒಂದಿಷ್ಟು ಅಳುಕಿಲ್ಲ. ಹೋದ ಕೈ ಹೊಡೆಯೋದು ಮರೆತು ಮೇಲೇ ನಿಂತಿತು.

ಜುಂಜನ ಕಣ್ಣು ಅರಳಿತು. "ಅವ್ವ! ಹಂಗೇ ಇರು! ಇವತ್ತಿನ ಗೀಟು ಎಳೀತೀನಿ!" ಅಂದವನೇ ಸೊಂಟದಿಂದ ಇದ್ದಿಲು ತೆಗೆದು, ಅವಳ ಬೆರಳ ತುದಿ ಹತ್ರ ಗಾಳೀಲಿ ಗೀಟು ಎಳೆದ. ಗೀಟು ಬೀಳಲಿಲ್ಲ. ಇನ್ನೊಂದು ಸಲ ಒತ್ತಿ ಎಳೆದ. ಬೀಳಲಿಲ್ಲ.

"ಕೈ ಇಳಿಸಬೇಡವ್ವ! ಈಗ್ಲೇ ಗೋಡೆ ತರ್ತೀನಿ!" ಅಂತ ಬೀದಿಗೆ ಓಡಿದ.

ತಿಮ್ಮಜ್ಜಿ ತನ್ನ ಬಾಗಿಲಿಗೆ ಬಂದು ನೋಡಿದಳು. ಗಿರಿಯಮ್ಮ ಅಂಗಳದ ನಡುವೆ ಒಬ್ಬಳೇ ಕೈ ಮೇಲೆತ್ತಿ ನಿಂತವ್ಳೆ.

"ಯಾಕೇ ಗಿರಿಯಮ್ಮ, ಹಿಂಗೆ ನಿಂತಿದ್ದೀಯ?"

"ಸುಮ್ನಿರಜ್ಜಿ" ಅಂದಳು ಗಿರಿಯಮ್ಮ. "ನನ್ನ ಮಗ ಗೋಡೆ ತರೋಕೆ ಹೋಗವ್ನೆ."