ಮುರಿಯಬೇಕಾದ ಆಣೆ

ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಕಸ್ತೂರಿ ಮತ್ತು ದಾನೇಶ್ವರಿ ಎಂಬ ಗೆಳತಿಯರಿದ್ದರು. ಇಬ್ಬರೂ ಒಂಬತ್ತನೇ ತರಗತಿ. ದಾನೇಶ್ವರಿ ಖೊಖೊ ಆಟದಲ್ಲಿ ಎತ್ತಿದ ಕೈ. ಅವಳು ಓಡಿದರೆ ಮುಟ್ಟುವವರೇ ಇರಲಿಲ್ಲ.

ಆ ವರ್ಷ ದಾನೇಶ್ವರಿಯ ತಾಯಿ ಕಾಯಿಲೆಯಿಂದ ತೀರಿಕೊಂಡಳು. ತಂದೆ ಗುರುಬಸಪ್ಪ ಮಗ್ಗದ ಮುಂದೆ ಕೂತರೆ ಏಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಹುಡುಗಿಗೆ ನಿದ್ದೆ ಹತ್ತದಾಯಿತು. ಪಾಠ ತಲೆಗೆ ಹೋಗದೆ ಪರೀಕ್ಷೆಯಲ್ಲಿ ಹಿಂದೆ ಬಿದ್ದಳು. ತರಗತಿಯ ಕೆಲವು ಹುಡುಗಿಯರು ಅವಳು ಅಳುತ್ತಿದ್ದಾಗ ಫೋಟೊ ತೆಗೆದು, ವಾಟ್ಸಾಪ್ ಗ್ರೂಪಿಗೆ ಹಾಕಿ ನಕ್ಕರು. ಇವುಗಳಲ್ಲಿ ಯಾವುದೋ ಒಂದೇ ಆಗಿದ್ದರೆ ತಾಳಿಕೊಳ್ಳುತ್ತಿದ್ದಳೇನೋ. ಎಲ್ಲವೂ ಒಟ್ಟಿಗೆ ಬಂದವು.

ಒಂದು ಸಂಜೆ ಅವಳು ತನ್ನ ಆಟದ ಬೂಟುಗಳನ್ನು ತಂದು ಕಸ್ತೂರಿಯ ಕೈಗಿಟ್ಟಳು.

“ತೊಗೊ, ನೀನ ಹಾಕ್ಕೊ. ನನಗಿನ್ನ ಬ್ಯಾಡ.”

“ಮುಂದಿನ ವಾರ ಮ್ಯಾಚ್ ಐತಲ್ಲ?”

“ಮುಂದಿನ ವಾರ ಯಾರು ಇರ್ತಾರೋ ಏನೋ.”

ಕಸ್ತೂರಿ ಬೂಟುಗಳನ್ನು ಕೆಳಗಿಟ್ಟಳು. ಕೇಳಲೋ ಬೇಡವೋ ಎಂದು ತಡವರಿಸಿದಳು. ಆಮೇಲೆ ನೇರವಾಗಿಯೇ ಕೇಳಿದಳು.

“ದಾನಿ, ಸಾಯೂ ವಿಚಾರ ಮಾಡಾಕತ್ತೀಯೇನು?”

ದಾನೇಶ್ವರಿ ಇಲ್ಲ ಎನ್ನಲಿಲ್ಲ. ಗೆಳತಿಯ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ಯಾರ ಮುಂದೂ ಹೇಳಬ್ಯಾಡ. ನನ್ನ ಆಣಿ ಐತಿ.”

ಕಸ್ತೂರಿ ಅವಳನ್ನು ಒಬ್ಬಳನ್ನೇ ಬಿಡಲಿಲ್ಲ. ಕೈ ಹಿಡಿದು ತನ್ನ ಮನೆಗೆ ಕರೆತಂದು ಅಜ್ಜಿಯ ಪಕ್ಕದಲ್ಲಿ ಕೂರಿಸಿದಳು. ಅಡುಗೆಮನೆಗೆ ಹೋಗಿ ತಾಯಿಯ ಕಿವಿಯಲ್ಲಿ ಎಲ್ಲ ಹೇಳಿದಳು.

“ಬ್ಯಾಸರಕ್ಕ ಏನೋ ಅಂದಿರ್ತಾಳ. ಬಾಯಿಲೆ ಅಂದೋರು ಮಾಡಂಗಿಲ್ಲ ಬಿಡ,” ಎಂದಳು ತಾಯಿ.

ಕಸ್ತೂರಿಯ ಮನಸ್ಸು ಒಪ್ಪಲಿಲ್ಲ. ತಾಯಿಗೆ ಹೇಳಿ ಆಣೆಯನ್ನು ಆಗಲೇ ಮುರಿದಾಗಿತ್ತು. ಆಣೆ ಮುರಿದರೆ ಆಣೆ ಹಾಕಿದವರಿಗೇ ಕೇಡು ಎಂದು ಅವಳು ಚಿಕ್ಕಂದಿನಿಂದ ಕೇಳಿದ್ದಳು. ದಾನಿ ಸಿಟ್ಟಾಗುತ್ತಾಳೆ, ಮಾತು ಬಿಡುತ್ತಾಳೆ. ಆದರೆ ಸಿಟ್ಟಾಗಲಿಕ್ಕಾದರೂ ಅವಳು ಇರಬೇಕಲ್ಲ! ಅಷ್ಟು ಹೊಳೆದದ್ದೇ ತಡ, ಗುರುಬಸಪ್ಪನ ಮನೆಗೆ ಓಡಿದಳು.

“ಕಾಕಾ, ದಾನಿ ಬದುಕೂದು ಬ್ಯಾಡ ಅನ್ನಾಕತ್ತಾಳ.”

ಮಗ್ಗ ನಿಂತಿತು. ಗುರುಬಸಪ್ಪ ಬರಿಗಾಲಲ್ಲೇ ಕಸ್ತೂರಿಯ ಮನೆಗೆ ಬಂದ. ಮಗಳನ್ನು ಬೈಯಲಿಲ್ಲ, ಯಾಕೆ ಹೀಗೆ ಎಂದು ಜಬರಿಸಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತ.

“ನಿಮ್ಮವ್ವ ಹೋದ ದುಃಖ ನನಗೊಬ್ಬನಿಗೇ ಅಂತ ತಿಳಕೊಂಡಿದ್ದೆ, ಮಗಳ. ನಿನ್ನ ಮಾರಿ ನೋಡಲೇ ಇಲ್ಲ ನಾನು.”

ತಾಯಿ ಸತ್ತ ಮೇಲೆ ತಂದೆ ಮಗಳು ಒಟ್ಟಿಗೆ ಅತ್ತದ್ದು ಅಂದೇ ಮೊದಲು.

ಮರುದಿನ ಅವನು ಮಗ್ಗ ಹೂಡಲಿಲ್ಲ. ಮಗಳನ್ನು ಕರೆದುಕೊಂಡು ಬಾಗಲಕೋಟೆಯ ಮನೋವೈದ್ಯರ ಬಳಿಗೆ ಹೋದ. ಮಗಳಿಂದ ಫೋಟೊದ ಸಂಗತಿ ತಿಳಿದು ಶಾಲೆಗೂ ಹೋಗಿ ಹೇಳಿದ. ಮುಖ್ಯೋಪಾಧ್ಯಾಯಿನಿ ಗ್ರೂಪಿನಿಂದ ಆ ಫೋಟೊ ಅಳಿಸಿಹಾಕಿಸಿ, ಹುಡುಗಿಯರ ತಂದೆತಾಯಂದಿರನ್ನು ಕರೆಸಿದರು. ದಾನೇಶ್ವರಿ ಒಂದೇ ದಿನಕ್ಕೇನೂ ಚೇತರಿಸಿಕೊಳ್ಳಲಿಲ್ಲ. ಒಂದು ವಾರ ನಕ್ಕರೆ ಇನ್ನೊಂದು ವಾರ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ತಂದೆ ಬೇಸರಿಸದೆ ವೈದ್ಯರಲ್ಲಿಗೆ ಕರೆದೊಯ್ಯುತ್ತಲೇ ಇದ್ದ.

ಕಸ್ತೂರಿಯ ಜೊತೆ ಮಾತ್ರ ಅವಳು ಮಾತು ಬಿಟ್ಟಳು. ಎದುರಿಗೆ ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಿದ್ದಳು. ಕಸ್ತೂರಿ ಮನೆಗೆ ಬಂದು ಅಳುತ್ತಿದ್ದಳು. ಆದರೂ ಹೇಳಿ ತಪ್ಪು ಮಾಡಿದೆ ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಕಸ್ತೂರಿಯ ತಾಯಿ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ದಾನೇಶ್ವರಿ ನಿಂತಿದ್ದಳು.

“ಕಾಕು, ರೊಟ್ಟಿ ಆದ್ವೇನು? ಭಾಳ ಹಸಿವ್ಯಾಗೇತಿ.”

ಬಾಯಲ್ಲಿ ಅಂದವರು ಮಾಡುವುದಿಲ್ಲ ಎಂದಿದ್ದ ಆ ತಾಯಿ ಅವಳ ಮುಂದೆ ತಟ್ಟೆ ಇಟ್ಟಳು. ಬಿಸಿ ರೊಟ್ಟಿ ಹಾಕಿ, ಹಿಟ್ಟು ಹತ್ತಿದ ಕೈಯಿಂದಲೇ ಅವಳ ಕೆನ್ನೆ ಸವರಿದಳು. ದಾನೇಶ್ವರಿ ತಟ್ಟೆಯನ್ನು ಸ್ವಲ್ಪ ಸರಿಸಿ, ಒಳಗೆ ನಿಂತಿದ್ದವಳನ್ನು ಕರೆದಳು.

“ಕಸ್ತೂರಿ, ಬಾರಲೇ. ಒಬ್ಬಾಕಿಗೇ ಉಣ್ಣಾಕ ಬ್ಯಾಸರ.”

ನೀತಿ: ಎಳೆಯ ಜೀವವೊಂದು ಬದುಕು ಬೇಡವೆಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಗುಟ್ಟಾಗಿಯೂ ಇಡಬಾರದು. ನೇರವಾಗಿ ಕೇಳಿ, ಬೈಯದೆ ಆಲಿಸಿ, ಒಬ್ಬಂಟಿಯಾಗಿ ಬಿಡಬೇಡಿ. ಒಬ್ಬ ಹಿರಿಯರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ. ಮುನಿದ ಗೆಳೆತನ ಮತ್ತೆ ಕೂಡೀತು. ಹೋದ ಜೀವ ಬಾರದು.