ಮಂಜಿನ ಕಣಿವೆಯ ನಗಾರಿ

ಮುಂದಿನ ಗುಡ್ಡದವನು ‘ಕೇಳಿಸಿತು, ಇನ್ನು ಈ ದಾರಿಹೋಕ ನನ್ನವನು’ ಎಂದು ಬಾರಿಸುವ ತನಕ ಹಿಂದಿನ ಗುಡ್ಡದ ನಗಾರಿ ನಿಲ್ಲಕೂಡದು. ಜಯಗೊಂಡ ಅರಸನ ನಾಡಿನ ಕಟ್ಟಳೆ ಇದು. ಮಂಜು ತುಂಬಿದ ಕಣಿವೆಯಲ್ಲಿ ದಾರಿಹೋಕರು ಕೊಂಬೂದಿ ತಾವಿರುವ ಜಾಗ ತಿಳಿಸಬೇಕು. ಗುಡ್ಡದ ನಗಾರಿ ಎಡಕ್ಕೋ ಬಲಕ್ಕೋ ಎಂದು ಬಾರಿಸಿ ಅವರನ್ನು ನಡೆಸಬೇಕು. ಈ ಕಟ್ಟಳೆಯನ್ನು ಎಲ್ಲರೂ ಮುರಿದರು. ಗುಡ್ಡದವರು ಊಟದ ಹೊತ್ತಾಯಿತೆಂದು ಕೈ ನಿಲ್ಲಿಸಿದರು. ದಾರಿಹೋಕರು ತಮಗೆ ಓಗೊಟ್ಟ ನಗಾರಿ ಬಿಟ್ಟು ಜೋರಾದ ಸದ್ದಿನ ಬೆನ್ನು ಹತ್ತಿದರು. ಒಂದು ದಿನ ಯುವರಾಜನೇ ಎರಡು ಗುಡ್ಡಗಳ ನಡುವಿನ ಮೌನದಲ್ಲಿ ಕಾಲು ತಪ್ಪಿ ಪ್ರಪಾತಕ್ಕೆ ಬಿದ್ದ.

ಅರಸ ಡಂಗುರ ಹೊಯ್ಸಿದ: ಮೂರು ಒಗಟು ಬಿಡಿಸಿದವನಿಗೆ ನಗಾರಿಗಳ ಯಜಮಾನಿಕೆ, ತಪ್ಪಿದವನಿಗೆ ಅದೇ ಪ್ರಪಾತ.

ನಡುಗುಡ್ಡದ ನಗಾರಿಯ ಪಕ್ಕದಲ್ಲೇ ಸಭೆ ಕೂಡಿತು. ಅರಸ ಮೊದಲ ಒಗಟು ಹೇಳಿದ: “ಒಂದು ಮನೆ ಬಿಟ್ಟಿಲ್ಲ, ಆಗಲೇ ಇನ್ನೊಂದು ಮನೆ ಸೇರಿದ್ದಾನೆ. ನಡುವೆ ಬೀದಿಗೆ ಬಿದ್ದೇ ಇಲ್ಲ. ಯಾರವನು?”

ಸೇನಾಪತಿಯ ಮಗ ಗೂಢಚಾರನೆಂದ. ಅವನನ್ನು ಪ್ರಪಾತದ ಅಂಚಿಗೆ ನಡೆಸಿಕೊಂಡು ಹೋದರು. ಜವಳಿ ವರ್ತಕ ಮನೆಯಳಿಯನೆಂದಾಗ ಸಭೆ ನಕ್ಕಿತು, ಅರಸ ನಗಲಿಲ್ಲ. ವರ್ತಕನೂ ಹಿಂತಿರುಗಲಿಲ್ಲ.

ಆಮೇಲೆ ಎದ್ದವನು ಸೋಮ್ಲ, ಎತ್ತುಗಳ ಮೇಲೆ ಉಪ್ಪು ಹೇರಿ ಮಾರುವವನು. ಯುವರಾಜ ಬಿದ್ದ ದಿನವೇ, ಅದೇ ಮೌನದಲ್ಲಿ, ಅವನ ಅಣ್ಣನೂ ಬಿದ್ದಿದ್ದ. ಎತ್ತಿನ ಗಂಟೆ ಕೇಳಿದ ಕಿವಿಗೆ ಒಗಟು ಹತ್ತುತ್ತದೆಯೇ ಎಂದು ದಿವಾನರು ಕೆಣಕಿದರು. ಸೋಮ್ಲ ಅರಸನಿಗೆ ಕೈಮುಗಿದ.

“ಮಂಜಲ್ಲಿ ಗುಡ್ಡ ಬದಲಿಸೋ ದಾರಿಹೋಕ, ಬುದ್ಧಿ. ಹೊಸ ನಗಾರಿ ಒಪ್ಪಿಕೊಳ್ಳೋ ತನಕ ಹಳೇದು ಬಿಡದಿದ್ದರೆ ಅವನು ಬೀದಿಗೆ ಬೀಳೋದಿಲ್ಲ.”

ಅರಸ ತಲೆಯಾಡಿಸಿದ. “ಎರಡನೆಯದು. ಎಲ್ಲಕ್ಕಿಂತ ಹತ್ತಿರದ ಮನೆ, ಎಲ್ಲಕ್ಕಿಂತ ದೊಡ್ಡ ದನಿಯಲ್ಲಿ ಕರೆಯುತ್ತದೆ. ಹೋದವನಿಗೆ ಮಾತ್ರ ಅನ್ನವಿಲ್ಲ. ಯಾಕೆ?”

ಅಲ್ಲಿ ಪಂಕ್ತಿ ಆಗಲೇ ತುಂಬಿದೆ ಎಂದ ಸೋಮ್ಲ. ಹತ್ತಿರದ ಗುಡ್ಡಕ್ಕೇ ಎಲ್ಲರೂ ಕೊಂಬೂದಿದರೆ ಆ ನಗಾರಿ ಯಾರಿಗೆಂದು ಬಾರಿಸೀತು? ದನಿ ಸಣ್ಣದಾದರೂ ಬಿಡುವಿರುವ ಗುಡ್ಡವೇ ದಡ ಮುಟ್ಟಿಸುವುದು.

“ಕೊನೆಯದು. ಬಾಗಿಲಲ್ಲಿ ಅರಸ, ವರ್ತಕ, ಕಣ್ಣು ಕಾಣದವನು. ಬಾಗಿಲು ಒಬ್ಬನಿಗೇ ಸಾಕು. ಮೊದಲು ಯಾರು?”

ಅರಸನೆಂದುಬಿಡು ಎಂದು ದಿವಾನರು ಕಣ್ಣಲ್ಲೇ ಸೂಚಿಸಿದರು. ಸೋಮ್ಲ ಪ್ರಪಾತದ ಕಡೆ ನೋಡಿದ.

“ಕಣ್ಣು ಕಾಣದವನು, ಬುದ್ಧಿ. ಬಾಗಿಲು ಅಂದರೆ ಈ ನಗಾರಿ. ಅರಸರ ಮಾತು ಸಂಜೆಗೆ ಕೇಳಿದರೂ ನಡೀತದೆ, ವರ್ತಕನ ಧಾರಣೆ ಮಧ್ಯಾಹ್ನಕ್ಕಾದರೂ ಆದೀತು. ಮಂಜಲ್ಲಿ ಕಾಲೆತ್ತಿದವನಿಗೆ ಆಗಲೇ ಕೇಳಬೇಕು. ಯುವರಾಜರು ಬಿದ್ದ ದಿನ ತಮ್ಮದೇ ಹುಟ್ಟುಹಬ್ಬದ ಘೋಷಕ್ಕೆ ಇದೇ ನಗಾರಿ ಹಿಡಿದಿದ್ದರು, ದಾರಿ ಹೇಳೋದು ನಿಂತಿತ್ತು.”

ಕಾವಲಿನವರು ಅವನ ರಟ್ಟೆ ಹಿಡಿದರು. ಅರಸ ಎದ್ದು ಬಂದು, ಅವರ ಕೈ ಬಿಡಿಸಿ, ತನ್ನ ಮುದ್ರೆಯುಂಗುರವನ್ನು ಸೋಮ್ಲನ ಬೆರಳಿಗೆ ತೊಡಿಸಿದ.

ದಿವಾನರು ನಗಾರಿಯ ಕೋಲುಗಳನ್ನು ತಂದುಕೊಟ್ಟರು. ಅರಸರು ಯಜಮಾನನನ್ನು ನೇಮಿಸಿದ ಸುದ್ದಿ ಮೊದಲು ಎಲ್ಲ ಗುಡ್ಡಗಳಿಗೂ ಮುಟ್ಟಲಿ ಎಂದರು. ಅಷ್ಟರಲ್ಲಿ ಕೆಳಗೆ ಮಂಜಿನೊಳಗೆ ಯಾರದೋ ಕೊಂಬು ಕೂಗಿತು.

“ಅಪ್ಪಣೆ ಕೇಳಿಸಲಿಲ್ಲವೇನಯ್ಯ?” ಎಂದರು ದಿವಾನರು.

ಸೋಮ್ಲ ಅರಸನಿಗೆ ಬೆನ್ನು ತಿರುಗಿಸಿ, ಕಣಿವೆಯ ಕಡೆ ಮುಖ ಮಾಡಿ, ಬಲಕ್ಕೆ ಬಾ ಎಂದು ಬಾರಿಸತೊಡಗಿದ.