ಬಾರಿನಲ್ಲಿ ಬಾಳೆಲೆ

"ಯುಗಾದಿಗೂ ರಜೆ ಇಲ್ಲ! ಹಬ್ಬ ಮಾಡ್ಬೇಕಾದ್ರೆ ಇಲ್ಲೇ ಮಾಡ್ಕೋ!" ಬಾರಿನ ಮಾಲೀಕ ಕೆಂಚಪ್ಪ ಎಲ್ಲರೆದುರು ಅರಚಿದ. ರಜೆ ಕೇಳಿದ್ದ ಸಪ್ಲೈಯರ್‌ಗೆ ಮೈಯೆಲ್ಲ ಉರಿಯಿತು. ಆದರೂ "ಆಗ್ಲಿ ಸಾರ್" ಎಂದ.

ಹಬ್ಬದ ಮಧ್ಯಾಹ್ನ ತನ್ನ ಅಜ್ಜಿಯನ್ನೇ ಬಾರಿಗೆ ಕರೆತಂದ. ಅಜ್ಜಿ ಟೇಬಲ್ಲುಗಳ ಮೇಲೆ ಬಾಳೆಲೆ ಹಾಕಿ, "ಮೊದಲು ಬೇವು-ಬೆಲ್ಲ ತಿನ್ರಪ್ಪಾ" ಎಂದು ಒಬ್ಬಟ್ಟು ಬಡಿಸತೊಡಗಿದಳು. ಗಿರಾಕಿಗಳು ನಾಚಿ ಬಿಯರ್ ಬಾಟಲಿಗಳನ್ನು ಕಾಲಡಿ ಬಚ್ಚಿಟ್ಟರು. ಆಮೇಲೆ ಒಬ್ಬನೂ ಇನ್ನೊಂದು ಬಿಯರ್ ಕೇಳಲಿಲ್ಲ.

ಕೆಂಚಪ್ಪ ಕೆಂಡವಾದ. "ಯಾವನೋ ಈ ಮುದುಕೀನ ಒಳಗೆ ಬಿಟ್ಟೋನು?"

"ನೀವೇ ಅಲ್ವಾ ಸಾರ್, ಹಬ್ಬ ಇಲ್ಲೇ ಮಾಡು ಅಂದಿದ್ದು?"

ಕೆಂಚಪ್ಪ ಅಜ್ಜಿಯನ್ನು ಗದರಲು ಬಾಯಿ ತೆರೆದ. ಅಜ್ಜಿ ಆ ಬಾಯಿಗೇ ಒಬ್ಬಟ್ಟು ತುರುಕಿ, "ಹಸಿದಿದ್ದಕ್ಕೇ ಸಿಟ್ಟು ಕಣಪ್ಪಾ. ನಾಳೆ ಹೊಸತೊಡಕಿಗೂ ಬಾಡೂಟ ತರ್ತೀನಿ" ಎಂದಳು.

ಒಬ್ಬಟ್ಟು ನುಂಗಿದ ಕೂಡಲೇ ಕೆಂಚಪ್ಪ ಕಿರುಚಿದ: "ಎರಡು ದಿನ ರಜೆ ತಗೊಂಡು ಸಾಯಿ!"